ಎಡಗೈ ಹೆಬ್ಬೆರಳು

ನನ್ನ ಬೈಕಿನ ಸೌಂಡ್ ಸಿಸ್ಟಮ್ ಬಗ್ಗೆ ನನ್ನ ಬಾಯಿಂದ ಕೇಳದೆ ಉಳಿದವರು ಈ ಊರಿನಲ್ಲಿ ಕಡಿಮೆ. ಕಾರು ಕಲಿಯಲು ಬಂದವರಿಗೆ ಕ್ಲಚ್ ಬಿಡುವುದು ಹೇಗೆಂದು ಹೇಳುವ ಮೊದಲೇ ಅದನ್ನು ಹೇಳಿ ಮುಗಿಸುತ್ತಿದ್ದೆ. ಮುಂದೆ ಗಾಜಿನ ಕೆಳಗೆ ಎರಡು ಸ್ಪೀಕರ್, ಹಿಂದೆ ಟಾಪ್ ಬಾಕ್ಸಿನ ಎಡಕ್ಕೊಂದು ಬಲಕ್ಕೊಂದು, ಸರಿಯಾಗಿ ಹಿಂದೆ ಕೂತವರ ಕಿವಿಯ ಮಟ್ಟಕ್ಕೆ. ‘ನಮ್ಮ ಮನೆಯವಳಿಗೆ ಹಿಂದೆ ಒಂದು ಥಿಯೇಟರ್ರೇ ಇದೆ’ ಎನ್ನುತ್ತಿದ್ದೆ. ಕೇಳಿದವರು ಪಾಪ, ಹೌದೌದು ಎಂದು ತಲೆಯಾಡಿಸುತ್ತಿದ್ದರು. ಡ್ರೈವಿಂಗ್ ಟೆಸ್ಟ್ ಪಾಸಾಗಬೇಕಲ್ಲ!

ನಾನು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಇಪ್ಪತ್ತೆರಡು ವರ್ಷದಿಂದ ಕೂಗುವುದೇ ಕಸುಬು. ‘ಕನ್ನಡಿ ನೋಡು, ಹಿಂದೆ ಯಾರಿದ್ದಾರೆ ನೋಡು’ ಎಂದು ದಿನಕ್ಕೆ ನೂರು ಸಲ ಅರಚಿ, ಸಂಜೆ ಮನೆಗೆ ಬರುವಾಗ ಗಂಟಲು ಹರಿದಿರುತ್ತದೆ. ಹೆಂಡತಿ ಬಟ್ಟೆ ಹೊಲಿಯುತ್ತಾಳೆ. ನಡುಮನೆಯ ಕಿಟಕಿಯ ಪಕ್ಕ ಅವಳ ಮೆಷಿನ್ನು. ಅಳತೆಯ ಪುಸ್ತಕ ಇಟ್ಟವಳೇ ಅಲ್ಲ, ಎಲ್ಲವೂ ತಲೆಯಲ್ಲೇ. ಹತ್ತು ವರ್ಷದ ಹಿಂದೆ ಒಂದೇ ಒಂದು ಕೋಟು ಹೊಲಿಸಿಕೊಂಡು ಹೋದವನು ಮತ್ತೆ ಬಾಗಿಲಲ್ಲಿ ನಿಂತರೆ ಹೆಸರು ಕೇಳುತ್ತಾಳೆ, ತೋಳಿನ ಉದ್ದ ಕೇಳುವುದಿಲ್ಲ.

ಈ ವರ್ಷ ಮೂರು ಸಲ ಟೂರ್ ಹೊರಟಾಗಲೂ ಅವಳು ಬರಲಿಲ್ಲ. ಒಮ್ಮೆ ಬೆನ್ನು ನೋವು, ಒಮ್ಮೆ ಮದುವೆಯ ಆರ್ಡರ್, ಮೂರನೆಯ ಸಲ ಕಾರಣವನ್ನೂ ಹೇಳದೆ ‘ನೀವು ಹೋಗಿ ಬನ್ನಿ’ ಎಂದಳು. ಆರು ಬೈಕುಗಳ ಗುಂಪಿನಲ್ಲಿ ಹಿಂದಿನ ಸೀಟು ಖಾಲಿ ಇದ್ದದ್ದು ನನ್ನದು ಮಾತ್ರ. ಬೆನ್ನಿಗೆ ಗಾಳಿ ಹೊಡೆಯುತ್ತಿತ್ತು. ಮುಂದಿನ ತಿಂಗಳು ಸಮುದ್ರದ ಕಡೆಗೆ ನಾಲ್ಕು ದಿನದ ಪ್ರಯಾಣ, ಈ ಸಲವೂ ಅವಳು ಬರದಿದ್ದರೆ ಇನ್ನು ಎಂದೂ ಬರುವುದಿಲ್ಲ ಎಂಬ ಭಯವಿತ್ತು. ಆದರೂ ನೋಡಿ ನನ್ನ ಬುದ್ಧಿ. ಏನಾಯ್ತು ಎಂದು ಅವಳನ್ನು ಕೂರಿಸಿ ಒಂದು ಮಾತು ಕೇಳಲಿಲ್ಲ. ಹಿಂದಿನ ಸ್ಪೀಕರ್ ಹಳೆಯದಾಗಿದೆ, ಸದ್ದು ಒಡೆಯುತ್ತಿದೆ, ಅದಕ್ಕೇ ಅವಳಿಗೆ ಬೇಸರ ಎಂದು ನಾನೇ ತೀರ್ಮಾನಿಸಿಬಿಟ್ಟೆ.

ಶುಕ್ರವಾರ ಮಧ್ಯಾಹ್ನ ಬೈಕನ್ನು ಮೌನಿಯ ಅಂಗಡಿಗೆ ಒಯ್ದೆ. ಗಾಡಿಗಳಿಗೆ ಜೋರು ಸದ್ದು ಕೂರಿಸುವುದೇ ಅವನ ಕೆಲಸ, ಆದರೆ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವ ಆಸಾಮಿ. ಅದಕ್ಕೇ ಆ ಅಡ್ಡಹೆಸರು. ನನ್ನ ಜೊತೆಗೆ ನಮ್ಮ ಗುಂಪಿನ ಹಲ್ಲಿನ ಡಾಕ್ಟರೂ ಬಂದಿದ್ದ. ಹೊಸ ಸ್ಪೀಕರ್ ಕೇಳಿ, ಚೆನ್ನಾಗಿದ್ದರೆ ತಾನೂ ಹಾಕಿಸಿಕೊಳ್ಳುವ ಯೋಚನೆ ಅವನದು.

‘ದುಡ್ಡಿನ ಮುಖ ನೋಡಬೇಡ. ದೊಡ್ಡ ಆಂಪ್ಲಿಫೈಯರ್ ಹಾಕು. ಹಿಂದೆ ಕೂತವರಿಗೆ ರಾಜಾಸನ ಆಗ್ಬೇಕು,’ ಎಂದು ಮೌನಿಗೆ ಹೇಳಿದೆ.

ಅವನು ಮೊದಲು ಹಳೆಯದನ್ನು ಹಾಡಿಸಿ ನೋಡಿದ. ಮುಂದಿನ ಎರಡೂ ಜೋರಾಗಿ ಹಾಡಿದವು. ಆಮೇಲೆ ಮುಂದಿನದನ್ನು ಪೂರ್ತಿ ಇಳಿಸಿ, ಹಿಂದಿನದನ್ನು ಪೂರ್ತಿ ಏರಿಸಿದ. ಅಂಗಡಿಯಲ್ಲಿ ಫ್ಯಾನಿನ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ.

‘ಹಿಂದಿನದು ಎಷ್ಟು ದಿನದಿಂದ ಹಾಡ್ತಿಲ್ಲ ಸಾರ್?’

‘ಯಾರು ಹೇಳಿದ್ದು ಹಾಡ್ತಿಲ್ಲ ಅಂತ? ಮೊನ್ನೆ ತಾನೇ ಹಾಡ್ತು. ನನ್ನ ಕಿವಿಯಾರೆ ಕೇಳಿದ್ದೀನಿ. ಸದ್ದು ಒಡೀತಾ ಇದೆ, ಅಷ್ಟೆ. ನೀನೇ ಏನೋ ಅಲ್ಲಾಡಿಸಿದ್ದೀಯ ನೋಡು.’

ಸುಮ್ಮನಿರಬಹುದಿತ್ತು. ನನಗೆ ಅಭ್ಯಾಸವಿಲ್ಲ. ಮೌನಿ ಟಾಪ್ ಬಾಕ್ಸಿನ ಪಕ್ಕದ ಮುಚ್ಚಳದ ಎರಡು ಸ್ಕ್ರೂ ಬಿಚ್ಚಿ, ಸ್ಪೀಕರನ್ನು ಹೊರಗೆಳೆದು ಬೆಳಕಿಗೆ ಹಿಡಿದ. ಅದರ ಕಾಗದದ ಪೊರೆ ಎಲ್ಲೂ ಹರಿಯದೆ ಹೊಸದರಂತೆ ಇತ್ತು. ಹಾಡಿ ಹಾಡಿ ಸವೆದದ್ದು ಹಾಗಿರುವುದಿಲ್ಲ ಎನ್ನುವುದು ನನಗೂ ಗೊತ್ತಾಯಿತು. ಆಮೇಲೆ ಅವನು ಒಳಗೆ ಬೆರಳು ಹಾಕಿ ವೈರನ್ನು ಎಳೆದ. ವೈರಿನ ತುದಿಗೆ ಒಂದು ಪುಟ್ಟ ಬಟ್ಟೆಯ ಚೀಲ ಕಟ್ಟಿತ್ತು.

ಹೆಬ್ಬೆರಳಿನಷ್ಟು ಉದ್ದದ ಚೀಲ. ಎರಡು ಸಾಲು ಒತ್ತಾದ ಹೊಲಿಗೆ, ಬಾಯಿಗೆ ದಾರ, ದಾರಕ್ಕೆ ಜಾರುಗಂಟು. ಒಳಗೆ ವೈರಿನ ಪ್ಲಗ್ಗು ಬೆಚ್ಚಗೆ ಕೂತಿತ್ತು. ಇನ್ನೊಂದು ಬದಿಯಲ್ಲೂ ಅಂಥದ್ದೇ ಇನ್ನೊಂದು ಚೀಲ. ಬಟ್ಟೆ ಹಸಿರು ಚೌಕುಳಿಯದು. ಅದನ್ನು ನೋಡಿದ ಕೂಡಲೇ ಗುರುತು ಸಿಕ್ಕಿತು. ನಮ್ಮ ನಡುಮನೆಯ ಹಳೆಯ ಪರದೆ! ಅದನ್ನು ತೆಗೆದು ಹೊಸದು ಹಾಕಿ ಆರು ವರ್ಷವಾಗಿತ್ತು.

‘ಏನ್ ಮೇಷ್ಟ್ರೇ ಇದು, ಸ್ಪೀಕರಿಗೆ ಸ್ವೆಟರ್ರಾ?’ ಎಂದು ಡಾಕ್ಟರ್ ನಕ್ಕ.

‘ಅಯ್ಯೋ, ಅದಾ! ಮರೆತೇ ಹೋಗಿತ್ತು. ನಾನೇ ತೆಗೆದದ್ದು. ಮನೆಯವಳಿಗೆ ಆಗ ಕಿವಿ ನೋವು ಬಂದಿತ್ತಲ್ಲ...’

ಅರ್ಧ ನಿಮಿಷದ ಹಿಂದೆ ಮೊನ್ನೆ ತಾನೇ ಹಾಡಿತು ಎಂದಿದ್ದವನು ನಾನೇ. ಡಾಕ್ಟರ್ ತನ್ನ ಚಹಾದ ಲೋಟದೊಳಗೆ ಏನೋ ಬಿದ್ದಿದೆ ಎಂಬಂತೆ ನೋಡತೊಡಗಿದ. ಮೌನಿ ಎರಡೂ ಚೀಲಗಳನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದ.

‘ಹೊಲಿಗೆ ತುಂಬ ಚೆನ್ನಾಗಿ ಹಾಕ್ತೀರ ಸಾರ್,’ ಎಂದ.

ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಹೆಂಡತಿ ಮಾಡಿದ್ದಕ್ಕೆ ಅಲ್ಲ ನಾಚಿಕೆ. ಆರು ವರ್ಷ ಆ ಸ್ಪೀಕರುಗಳು ಸತ್ತು ಬಿದ್ದಿದ್ದವು, ಆರು ವರ್ಷ ನಾನು ಪ್ರತಿ ಚಹಾ ಅಂಗಡಿಯ ಮುಂದೆ ಇಳಿದು ‘ಹೆಂಗಿತ್ತು ಹಾಡು?’ ಎಂದು ಅವಳನ್ನು ಕೇಳಿದ್ದೆ. ಅವಳು ‘ಚೆನ್ನಾಗಿತ್ತು’ ಎಂದಿದ್ದಳು. ನಾನು ನಂಬಿದ್ದೆ. ಅವಳ ಮುಖವನ್ನು ಒಂದು ಸಲವಾದರೂ ನೋಡಿದ್ದರೆ ನಂಬುತ್ತಿರಲಿಲ್ಲ.

ಮುಂದಿನ ಹಳೆಯ ಸ್ಪೀಕರುಗಳನ್ನೂ ಬಿಚ್ಚಿಸಿದೆ. ಹೊಸದು ಸದ್ಯಕ್ಕೆ ಬೇಡ, ಆಮೇಲೆ ಹೇಳ್ತೀನಿ ಎಂದೆ. ಚೀಲಗಳನ್ನು ಜೇಬಿಗೆ ಹಾಕಿಕೊಂಡು, ಹಾಡಿಲ್ಲದ ಬೈಕಿನಲ್ಲಿ ಮನೆಗೆ ಬಂದೆ. ದಾರಿಯಲ್ಲಿ ಮೊದಲ ಸಲ ನನ್ನ ಬೈಕಿನ ಕನ್ನಡಿಯನ್ನು ಸರಿಯಾಗಿ ನೋಡಿದೆ. ಎರಡೂ ಕನ್ನಡಿಗಳಲ್ಲಿ ಹಿಂದಿನ ಲಾರಿ ಕಾಣುತ್ತದೆ, ನನ್ನ ಭುಜ ಕಾಣುತ್ತದೆ. ಹಿಂದೆ ಕೂತವರು ಕಾಣುವುದಿಲ್ಲ.

ಅವಳು ಯಾವುದೋ ಶಾಲೆಯ ಸಮವಸ್ತ್ರಗಳಿಗೆ ಗುಂಡಿ ಹಚ್ಚುತ್ತಿದ್ದಳು. ಚೀಲಗಳನ್ನು ಮೆಷಿನ್ನಿನ ಮೇಲಿಟ್ಟೆ. ಅವಳು ದಾರವನ್ನು ಹಲ್ಲಿನಲ್ಲಿ ಕಡಿದು, ಅವನ್ನು ನೋಡಿದಳು.

‘ಸಿಕ್ಕಿತಾ?’ ಎಂದಳು.

‘ಯಾವಾಗ ಮಾಡಿದ್ದು ಇದನ್ನ?’

‘ಪರದೆ ಬದಲಾಯಿಸಿದ ವರ್ಷ. ಮೆಷಿನ್ ಸ್ಕ್ರೂಡ್ರೈವರ್‌ನಲ್ಲೇ ಬಿಚ್ಚಿದೆ, ಎರಡೇ ಸ್ಕ್ರೂ ಇತ್ತು. ವೈರ್ ಸುಮ್ಮನೆ ಬಿಟ್ರೆ ಎಲ್ಲಾದರೂ ತಾಗಿ ಸುಟ್ಟುಹೋದೀತು ಅಂತ ಚೀಲ ಹಾಕಿದೆ. ಬೈಕ್ ಮೇಲೆ ನನಗೇನು ಕೋಪ?’

‘ನನಗೊಂದು ಮಾತು ಹೇಳಬಾರದಿತ್ತಾ?’

ಇದನ್ನು ಕೇಳುವಾಗ ನನ್ನ ದನಿ ಏರಿತ್ತು. ನಾಚಿಕೆಯಾದಾಗಲೂ ನನಗೆ ಬರುವುದು ಮೊದಲು ಸಿಟ್ಟೇ. ಅವಳು ಕತ್ತರಿಯನ್ನು ಕೆಳಗಿಟ್ಟಳು.

‘ಎಲ್ಲಿ ಹೇಳೋದು? ಮನೇಲಿ ನಿಮಗೆ ಸುಸ್ತು. ಬೈಕ್ ಮೇಲಾದರೂ ಎರಡು ಮಾತಾಡೋಣ ಅಂತ ನಾನು ಬರ್ತಿದ್ದದ್ದು. ನಾನು ಬಾಯಿ ತೆಗೆದ ತಕ್ಷಣ ನಿಮ್ಮ ಎಡಗೈ ಹೆಬ್ಬೆರಳು ಮೇಲೆ ಹೋಗುತ್ತೆ. ಟಕ್, ಟಕ್, ಟಕ್. ಹಾಡು ಜೋರಾಗುತ್ತೆ. ನಿಮಗೆ ಅದು ಗೊತ್ತೇ ಆಗಲ್ಲ. ಹಿಂದೆ ಕೂತವಳಿಗೆ ಚೆನ್ನಾಗಿ ಕಾಣುತ್ತೆ.’

ಹ್ಯಾಂಡಲಿನ ಎಡಗಡೆ ಹಾರ್ನಿನ ಮೇಲೆ ಒಂದು ಗುಂಡಿ ಇದೆ, ಹಾಡು ಏರಿಸಲು ಇಳಿಸಲು. ಗಾಳಿಯ ಸದ್ದು ಜಾಸ್ತಿಯಾದರೆ ಏರಿಸುತ್ತೇನೆ ಎಂದು ನಾನು ತಿಳಿದಿದ್ದೆ. ಗಾಳಿಯೂ ಅವಳ ಮಾತೂ ನನಗೆ ಒಂದೇ ಆಗಿದ್ದವು.

‘ಹಾಗಂತ ನಾನು ಬೇಕಂತ...’

‘ಬೇಕಂತ ಮಾಡಿದ್ರೆ ಜಗಳ ಆಡ್ತಿದ್ದೆ,’ ಎಂದಳು. ‘ಹೋದ ವರ್ಷ ಔಷಧಿ ಅಂಗಡಿ ಪಕ್ಕ ಒಂದು ಮಳಿಗೆ ಖಾಲಿ ಇತ್ತು, ನೆನಪಿದೆಯಾ? ನನಗೆ ಕೊಡ್ತೀನಿ ಅಂದಿದ್ರು. ಇಬ್ಬರು ಹುಡುಗಿಯರನ್ನ ಇಟ್ಕೊಂಡು ಅಂಗಡಿ ನಡೆಸಬೇಕು ಅಂತ ಆಸೆ ಇತ್ತು. ಸೋಮವಾರ ಉತ್ತರ ಹೇಳಬೇಕಿತ್ತು. ಭಾನುವಾರ ಬೆಟ್ಟ ಇಳಿಯೋವಾಗ ನಿಮ್ಮನ್ನ ಕೇಳಿದೆ.’

‘ನಾನೇನಂದೆ?’

‘ಹಾಡು ಜೋರು ಮಾಡಿದ್ರಿ. ಎರಡು ಸಲ ಕೇಳಿದೆ, ಎರಡು ಸಲ ಜೋರು ಮಾಡಿದ್ರಿ. ಸರಿ, ಉತ್ತರ ಬಂತು ಅಂದ್ಕೊಂಡೆ.’

ಆ ಇಳಿಜಾರು ನನಗೆ ಚೆನ್ನಾಗಿ ನೆನಪಿದೆ. ಹಾಡೂ ನೆನಪಿದೆ. ನಡುವೆ ಕೊಳಲು ಬರುವ ಜಾಗದಲ್ಲಿ ಮೂರು ತಿರುವುಗಳನ್ನು ಒಂದೇ ಸಮನೆ ಇಳಿದದ್ದು, ಕೆಳಗೆ ಬಂದು ಬೈಕ್ ನಿಲ್ಲಿಸಿ ‘ಎಂಥಾ ಹಾಡು!’ ಎಂದದ್ದು, ಎಲ್ಲ ನೆನಪಿದೆ. ಅವಳ ಮಾತು ಎಳ್ಳಷ್ಟೂ ನೆನಪಿಲ್ಲ. ಆ ಮಳಿಗೆಯಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ. ಅದರ ಮುಂದೆಯೇ ನಾನು ದಿನಾ ಹುಡುಗರಿಗೆ ರಿವರ್ಸ್ ಪಾರ್ಕಿಂಗ್ ಹೇಳಿಕೊಡುತ್ತೇನೆ.

‘ತಪ್ಪಾಯ್ತು,’ ಎಂದೆ. ಅದೂ ಜೋರಾಗಿಯೇ ಬಂತು, ಬ್ರೇಕ್ ಒತ್ತು ಎಂದು ಕೂಗಿದ ಹಾಗೆ. ಅವಳಿಗೆ ನಗು ಬಂತು. ನನಗೆ ಬರಲಿಲ್ಲ.

‘ಭಾನುವಾರ ಬರ್ತೀಯಾ? ದೂರ ಬೇಡ, ಹೊಳೆ ಸೇತುವೆ ತನಕ. ಹಾಡಿಲ್ಲ, ಎಲ್ಲ ಬಿಚ್ಚಿಸಿದ್ದೀನಿ.’

‘ಬೆನ್ನು ನೋವು.’

‘ಅದು ನಿಜಾನಾ?’

‘ಸ್ವಲ್ಪ ನಿಜ,’ ಎಂದು ಮತ್ತೆ ಗುಂಡಿ ಹಚ್ಚತೊಡಗಿದಳು.

ಭಾನುವಾರ ಬೆಳಿಗ್ಗೆ ಕೇಳದೆಯೇ ಹೆಲ್ಮೆಟ್ ಹಾಕಿಕೊಂಡು ಗೇಟಿನ ಹತ್ತಿರ ನಿಂತಿದ್ದಳು. ಹೊರಡುವ ಮೊದಲು ಬಲಗಡೆಯ ಕನ್ನಡಿಯನ್ನು ಅವಳ ಮುಖ ಕಾಣುವಷ್ಟು ತಿರುಗಿಸಿದೆ. ನನ್ನ ವಿದ್ಯಾರ್ಥಿ ಯಾರಾದರೂ ಹಾಗೆ ಮಾಡಿದ್ದರೆ ಇಳಿಸಿ ಮನೆಗೆ ಕಳಿಸುತ್ತಿದ್ದೆ.

ಊರು ದಾಟಿದೆವು. ಮುಂದೆ ಗಾಜಿನ ಕೆಳಗೆ ಸ್ಪೀಕರ್ ಇದ್ದ ಜಾಗದ ಎರಡು ಖಾಲಿ ತೂತುಗಳಲ್ಲಿ ಗಾಳಿ ಊದುತ್ತಿತ್ತು. ಇಷ್ಟು ನಿಧಾನವಾಗಿ ನಾನು ಎಂದೂ ಓಡಿಸಿದವನಲ್ಲ. ಸೈಕಲ್ಲಿನಲ್ಲಿ ಹೋಗುತ್ತಿದ್ದ ಮುದುಕನೊಬ್ಬ ನಮ್ಮನ್ನು ತಿರುಗಿ ನೋಡಿದ. ಹಾಲಿನ ಡೈರಿ ದಾಟಿತು, ಇಟ್ಟಿಗೆಯ ಗೂಡು ದಾಟಿತು. ಕನ್ನಡಿಯಲ್ಲಿ ಅವಳು ಬದಿಯ ಹೊಲಗಳನ್ನು ನೋಡುತ್ತಿದ್ದಳು. ಇವತ್ತು ಅವಳು ಏನಾದರೂ ಹೇಳಲಿ, ಬೈಗುಳವಾದರೂ ಸರಿ, ಪೂರ್ತಿ ಕೇಳುತ್ತೇನೆ ಎಂದು ಮನಸ್ಸಿನಲ್ಲೇ ಹತ್ತು ಸಲ ಅಂದುಕೊಂಡೆ. ಕಾಯುವುದು ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ.

ಸೇತುವೆ ಕಾಣುವ ಹೊತ್ತಿಗೆ ಅವಳು ಸ್ವಲ್ಪ ಮುಂದೆ ಬಾಗಿದಳು. ಅವಳ ಹೆಲ್ಮೆಟ್ ನನ್ನ ಹೆಲ್ಮೆಟ್ಟಿಗೆ ತಾಗಿತು.

‘ರೀ, ಒಂದು ವಿಷಯ...’ ಎಂದಳು.

ಅಷ್ಟಕ್ಕೇ ನಿಲ್ಲಿಸಿಬಿಟ್ಟಳು.

ಮುಂದಿನ ಮಾತಿಗಾಗಿ ಕಾದೆ. ಕನ್ನಡಿ ನೋಡಿದೆ. ಅವಳು ನನ್ನ ಮುಖವನ್ನಾಗಲೀ ರಸ್ತೆಯನ್ನಾಗಲೀ ನೋಡುತ್ತಿರಲಿಲ್ಲ. ಅವಳ ದೃಷ್ಟಿ ಹೋದ ಕಡೆ ನಾನೂ ನೋಡಿದೆ. ನನ್ನ ಎಡಗೈ ಹೆಬ್ಬೆರಳು ಆ ಗುಂಡಿಯ ಮೇಲಿತ್ತು, ಟಕ್ ಟಕ್ ಎಂದು ಒತ್ತುತ್ತಿತ್ತು. ಹಾಡಿಲ್ಲ, ಸ್ಪೀಕರ್ ಇಲ್ಲ, ಏನೂ ಇಲ್ಲ. ಆದರೂ ಒತ್ತುತ್ತಿತ್ತು.

ಬೈಕನ್ನು ರಸ್ತೆ ಬದಿಗೆ ತಂದು ಇಂಜಿನ್ ಆರಿಸಿದೆ. ಹೆಲ್ಮೆಟ್ ತೆಗೆದೆ. ತಿರುಗಿ ಅವಳ ಮುಖ ನೋಡಲು ಆಗಲಿಲ್ಲ, ಕೈಯನ್ನೇ ನೋಡುತ್ತಾ ಕೇಳಿದೆ.

‘ನೋಡಿದ್ಯಾ?’

‘ಎಷ್ಟೋ ವರ್ಷದಿಂದ ನೋಡ್ತಾನೇ ಇದ್ದೀನಿ,’ ಎಂದಳು. ಕೋಪವಿರಲಿಲ್ಲ ಆ ದನಿಯಲ್ಲಿ. ಇದ್ದಿದ್ದರೆ ಚೆನ್ನಾಗಿತ್ತು.

‘ಏನೋ ಹೇಳೋಕೆ ಹೊರಟಿದ್ದೆ. ಹೇಳು. ಇಂಜಿನ್ ಆರಿಸಿದ್ದೀನಿ.’

‘ಮರೆತುಹೋಯ್ತು ಬಿಡಿ.’

ಹತ್ತು ವರ್ಷದ ಹಿಂದಿನ ಕೋಟಿನ ತೋಳಿನ ಉದ್ದವನ್ನು ಮರೆಯದವಳು. ಅವಳು ಇಳಿದು ಸೇತುವೆಯ ಕಟ್ಟೆಯ ಮೇಲೆ ಕೂತಳು, ನಾನು ಪಕ್ಕದಲ್ಲಿ ಕೂತೆ. ಅರ್ಧ ಗಂಟೆ ಹೊಳೆ ನೋಡಿದೆವು. ಅವಳು ಹೇಳಲಿಲ್ಲ, ನಾನು ಮತ್ತೆ ಕೇಳಲಿಲ್ಲ. ಕೇಳುವ ಹಕ್ಕು ನನಗೆ ಇನ್ನೂ ಬಂದಿಲ್ಲ ಅನ್ನಿಸಿತು. ವಾಪಸ್ ಬರುವಾಗ ಎಡಗೈ ಹೆಬ್ಬೆರಳನ್ನು ಹಿಡಿಕೆಯ ಕೆಳಗೆ ಬಲವಾಗಿ ಒತ್ತಿಟ್ಟುಕೊಂಡು ಓಡಿಸಿದೆ. ಮನೆ ತಲುಪುವ ಹೊತ್ತಿಗೆ ಅದು ಮರಗಟ್ಟಿತ್ತು.

ಗೇಟಿನಲ್ಲಿ ಇಳಿಯುವಾಗ, ‘ಸಮುದ್ರಕ್ಕೆ?’ ಎಂದೆ.

‘ಮುಂದಿನ ಭಾನುವಾರ ಇನ್ನೊಂದು ಸಲ ಸೇತುವೆಗೆ ಹೋಗೋಣ. ಆಮೇಲೆ ನೋಡೋಣ,’ ಎಂದು ಹೆಲ್ಮೆಟ್ ನನ್ನ ಕೈಗೆ ಕೊಟ್ಟು ಒಳಗೆ ಹೋದಳು.

ಅಲ್ಲೇ ನಿಂತು ಮೌನಿಗೆ ಫೋನ್ ಮಾಡಿದೆ. ಹೊಸ ಸ್ಪೀಕರ್ ಬೇಡ ಎಂದೆ. ಎಡಗಡೆ ಹ್ಯಾಂಡಲಿನ ಆ ಗುಂಡಿಯನ್ನೂ ಕಿತ್ತುಹಾಕಬೇಕು ಎಂದೆ.

‘ಕಿತ್ತರೆ ಆ ಜಾಗದಲ್ಲಿ ತೂತು ಉಳಿಯುತ್ತೆ ಸಾರ್. ಮುಚ್ಚೋಕೆ ಅದರದ್ದೇ ಮುಚ್ಚಳ ಸಿಗಲ್ಲ. ನೋಡಿದೋರೆಲ್ಲ ಏನಿದು ಅಂತ ಕೇಳ್ತಾರೆ.’

‘ಕೇಳಲಿ,’ ಎಂದೆ.