ಚಪ್ಪಾಳೆ ತಟ್ಟದವರು

ಮೌನಿ ಸತ್ತ ಸುದ್ದಿ ಅವನ ಅಭಿಮಾನಿಗಳಿಗೆ ಮುಟ್ಟುವ ಹೊತ್ತಿಗೆ ಅಂತ್ಯಕ್ರಿಯೆಯೂ ಮುಗಿದುಹೋಗಿತ್ತು. ಪೇಪರಿನಲ್ಲಿ ಫೋಟೋ ಬರುವಂಥ ಗಿಟಾರ್ ವಾದಕ ಅವನಲ್ಲ. ಟಯರ್ ಅಂಗಡಿಯ ಕೆಳಗಿನ ನೆಲಮಾಳಿಗೆಯಲ್ಲಿ, ರಬ್ಬರಿನ ವಾಸನೆಯ ನಡುವೆ, ನೂರು ಜನ ತುಂಬಿದರೆ ಉಸಿರುಕಟ್ಟುವ ಜಾಗದಲ್ಲಿ ನುಡಿಸುತ್ತಿದ್ದವನು. ಆದರೆ ಆ ಊರಿನಲ್ಲಿ ರಾಕ್ ನುಡಿಸುವ ಯಾರನ್ನೇ ಕೆದಕಿದರೂ ಒಳಗೆ ಮೌನಿ ಸಿಗುತ್ತಿದ್ದ. ಗಿಟಾರನ್ನು ಮೊಣಕಾಲಿನ ತನಕ ಇಳಿಬಿಟ್ಟುಕೊಳ್ಳುವುದು ಅವನಿಂದ ಕಲಿತದ್ದು. ಜನರಿಗೆ ಬೆನ್ನು ಹಾಕಿ ನಿಲ್ಲುವುದು ಅವನಿಂದ ಕಲಿತದ್ದು. ಕೊನೆಯ ಸ್ವರವನ್ನು ಆಂಪ್ಲಿಫೈಯರಿನ ಮುಂದೆ ಹಿಡಿದು, ಗುಂಯ್‌ಗುಟ್ಟಿಸಿ, ತಾನಾಗಿ ಸಾಯುವವರೆಗೆ ಬಿಟ್ಟುಬಿಡುವುದಂತೂ ಅವನದೇ. ವೇದಿಕೆಯ ಮೇಲೆ ಅವನು ಬಾಯಿ ಬಿಟ್ಟದ್ದನ್ನು ಯಾರೂ ಕಂಡಿರಲಿಲ್ಲವಾದ್ದರಿಂದ ಮೌನಿ ಎಂದು ಹೆಸರಿಟ್ಟವರೂ ಅಭಿಮಾನಿಗಳೇ.

ಆ ಅಭಿಮಾನಿಗಳಿಗೆಲ್ಲ ಹಿರಿಯ ಉಶ್ಶಣ್ಣ. ಹೊಟ್ಟೆಪಾಡಿಗೆ ಕ್ಷೌರದಂಗಡಿ, ಉಸಿರಾಡುವುದಕ್ಕೆ ಮೌನಿ. ಈ ಅಡ್ಡಹೆಸರು ಬಂದ ಕಥೆಯನ್ನು ಅವನು ಗಿರಾಕಿಗಳ ಕೆನ್ನೆಗೆ ನೊರೆ ಹಚ್ಚಿ, ಎದುರು ಮಾತಾಡದಂತೆ ಮಾಡಿದ ಮೇಲೆ ಹೇಳುತ್ತಿದ್ದ. ಮೌನಿಯ ಮೊಟ್ಟಮೊದಲ ಕಾರ್ಯಕ್ರಮದಲ್ಲಿ ಕೊನೆಯ ಸ್ವರ ಇನ್ನೂ ಗುಂಯ್ ಅನ್ನುತ್ತಿರುವಾಗಲೇ ಪಕ್ಕದಲ್ಲಿದ್ದವನೊಬ್ಬ ಚಪ್ಪಾಳೆ ಶುರುಮಾಡಿದ್ದ. ಇವನು ತಿರುಗಿ, "ಉಶ್! ಸ್ವರ ಇನ್ನೂ ಸತ್ತಿಲ್ಲ ಕಣೋ" ಎಂದು ಗದರಿಸಿದ್ದ. ಅಷ್ಟೇ ನೋಡಿ. ಸ್ವರ ಸಾಯುವ ತನಕ ತಟ್ಟಬಾರದು ಎಂದು ಶುರುವಾದದ್ದು ಬರಬರುತ್ತಾ ತಟ್ಟಲೇಬಾರದು ಎಂದಾಯಿತು. ಸ್ವರ ಈಗ ಸತ್ತಿತು ಎಂದು ಮೊದಲು ಒಪ್ಪಿಕೊಳ್ಳುವ ಧೈರ್ಯ ಯಾರಿಗಿತ್ತು? ಗೊತ್ತಿಲ್ಲದೆ ಕೈ ತಟ್ಟಲು ಹೊರಟ ಹೊಸಬರನ್ನು ಒರೆಸಿದ ನೆಲಕ್ಕೆ ಕೆಸರು ಕಾಲಿಟ್ಟವರಂತೆ ನೋಡುತ್ತಿದ್ದರು. "ತಟ್ಟೋಕೆ ಇದೇನು ಸರ್ಕಸ್ಸಾ?" ಎನ್ನುತ್ತಿದ್ದ ಉಶ್ಶಣ್ಣ. ಮೌನಿ ಗಿಟಾರನ್ನು ಚೀಲಕ್ಕೆ ತುಂಬಿಕೊಂಡು, ತಲೆ ತಗ್ಗಿಸಿ ಹಿಂಬಾಗಿಲಿನಿಂದ ಹೋಗುವವರೆಗೂ ನೆಲಮಾಳಿಗೆಯಲ್ಲಿ ಪಿಟ್ಟೆನ್ನುವವರಿರಲಿಲ್ಲ. ಅದೇ ಅವರ ಹೆಮ್ಮೆಯಾಗಿತ್ತು.

ಕೆಲವು ವರ್ಷಗಳ ಹಿಂದೆ ಮೌನಿ ನುಡಿಸುವುದನ್ನು ನಿಲ್ಲಿಸಿದ. ಅಭಿಮಾನಿಗಳು ಅದಕ್ಕೂ ಒಂದು ಪುರಾಣ ಕಟ್ಟಿದರು. ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿದ್ದಾನೆ, ಇನ್ನು ಮೌನವೇ ಅವನ ಸಂಗೀತ ಎಂದರು. ಹೋಗಿ ಕೇಳೋಣ ಎಂದು ಒಬ್ಬನಿಗೂ ಹೊಳೆಯಲಿಲ್ಲ. ದೊಡ್ಡವರ ಮನೆ ಬಾಗಿಲು ತಟ್ಟುವುದುಂಟೇ?

ಭಾನುವಾರ ಮಧ್ಯಾಹ್ನ ಅದೇ ನೆಲಮಾಳಿಗೆಯಲ್ಲಿ ಶ್ರದ್ಧಾಂಜಲಿ ಎಂದು ಗೊತ್ತುಮಾಡಿದರು. ಮೌನಿಯ ಕೊನೆಯ ಕಾರ್ಯಕ್ರಮದ ಕ್ಯಾಸೆಟ್ ಹಾಕುವುದು, ಕೇಳುವುದು, ಸದ್ದಿಲ್ಲದೆ ಎದ್ದುಹೋಗುವುದು. "ಒಂದು ಸೂಜಿ ಬಿದ್ರೂ ಕೇಳಿಸ್ಬೇಕು" ಎಂದು ಉಶ್ಶಣ್ಣ ಎಲ್ಲರಿಗೂ ತಾಕೀತು ಮಾಡಿದ್ದ.

ಶನಿವಾರ ಅವನು ಒಬ್ಬ ಗಿರಾಕಿಯ ಮುಖಕ್ಕೆ ಸೋಪು ಹಚ್ಚಿ ಕತ್ತಿ ಮಸೆಯುತ್ತಿದ್ದಾಗ ಅಂಗಡಿಯ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಬೆರಳ ತುದಿಗಳಲ್ಲಿ ಹಳೆಯ ಸುಟ್ಟ ಕಲೆಗಳಿದ್ದವು.

"ನಾಳೆ ಕಾರ್ಯಕ್ರಮ ಇಟ್ಕೊಂಡಿರೋರು ನೀವೇನಾ ಅಣ್ಣ? ನಾನು ಅವನ ಅಕ್ಕ. ಲಾಂಡ್ರೀಲಿ ಇಸ್ತ್ರಿ ಕೆಲಸ ಮಾಡ್ತೀನಿ."

ಉಶ್ಶಣ್ಣ ತಡಬಡಿಸಿ ಕುರ್ಚಿ ಒರೆಸಿ ಕೊಟ್ಟ. ಮೌನಿಗೆ ಅಕ್ಕ ಇದ್ದಾಳೆಂಬುದೇ ಅವನಿಗೆ ಹೊಸದು.

"ಎಷ್ಟು ಜನ ಬರಬಹುದು?" ಎಂದು ಕೇಳಿದಳು ಅಕ್ಕ. "ಒಂದು ಹತ್ತು ಜನ ಆದ್ರೂ ಬರ್ತಾರಾ?"

"ಹತ್ತಾ! ನಿಲ್ಲೋಕೆ ಜಾಗ ಇರಲ್ಲ ಅಕ್ಕ. ದೇವರು ನಮಗೆ ಅವನು."

ಅವಳು ತಮಾಷೆ ಮಾಡುತ್ತಿದ್ದಾನೇನೋ ಎಂಬಂತೆ ಅವನ ಮುಖ ನೋಡಿದಳು. "ಮತ್ತೆ ಯಾಕೆ ಯಾರೂ ಚಪ್ಪಾಳೆ ತಟ್ತಿರಲಿಲ್ಲ?"

ಉಶ್ಶಣ್ಣ ನಕ್ಕ. ಈ ಪ್ರಶ್ನೆಗೆ ಅವನಲ್ಲಿ ಉತ್ತರ ತಯಾರಿತ್ತು. "ಅದು ನಮ್ಮ ಗೌರವ ಅಕ್ಕ. ಅವನಿಗೂ ಅದೇ ಇಷ್ಟ. ಅದಕ್ಕೇ ಅಲ್ವಾ ನಮ್ಮ ಕಡೆ ತಿರುಗಿಯೂ ನೋಡ್ತಿರಲಿಲ್ಲ?"

"ಅಯ್ಯೋ, ಅವನಿಗೆ ಜನ ಅಂದ್ರೆ ಭಯ ಕಣಣ್ಣ. ಚಿಕ್ಕೋನಿದ್ದಾಗ ಮನೆಗೆ ನೆಂಟರು ಬಂದ್ರೆ ಮಂಚದ ಕೆಳಗೆ ಸೇರ್ಕೋತಿದ್ದ. ನಮ್ಮ ಹತ್ರ ಮಾತ್ರ ವಟವಟ ವಟವಟ. ಮೌನಿ ಅಂತೆ, ಮೌನಿ! ಮುಖ ನೋಡಿದ್ರೆ ಕೈ ನಡುಗುತ್ತೆ ಅಂತ ಬೆನ್ನು ಹಾಕಿ ನಿಲ್ತಿದ್ದ." ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಪ್ರತಿ ಸಲ ಕರಿ ಅಂಗಿ ಇಸ್ತ್ರಿ ಮಾಡ್ಕೊಡ್ತಿದ್ದೆ. ವಾಪಸ್ ಬಂದು ಷೂ ಬಿಚ್ಚೋವಾಗ ಒಂದೇ ಮಾತು, ಇವತ್ತೂ ಯಾರೂ ತಟ್ಟಲಿಲ್ಲ ಅಕ್ಕ. ಕಾರ್ಯಕ್ರಮದಲ್ಲಿ ತುಂಬ್ಕೊಂಡ ಕ್ಯಾಸೆಟ್‌ಗಳನ್ನ ಹಾಕ್ಕೊಂಡು, ಕೊನೇಲಿ ಸದ್ದು ಜೋರು ಮಾಡಿ, ಕಿವಿ ಹಚ್ಚಿ ಕೂರ್ತಿದ್ದ. ಎಲ್ಲಾದ್ರೂ ಒಂದು ಚಪ್ಪಾಳೆ ಸಿಗುತ್ತೇನೋ ಅಂತ."

ಉಶ್ಶಣ್ಣನ ನಗು ಮುಖದ ಮೇಲೇ ಒಣಗಿತು.

"ಒಂದರಲ್ಲಿ ಸಿಕ್ಕಿತ್ತು. ಮೊದಲನೇದ್ರಲ್ಲಿ. ಯಾರೋ ಪಾಪ ತಟ್ಟೋಕೆ ಶುರು ಮಾಡ್ತಾನೆ, ಇನ್ಯಾರೋ ಉಶ್ ಅಂತಾನೆ. ತಟ್ಟೋನನ್ನೂ ಬಿಡಲಿಲ್ಲ ನೋಡಕ್ಕ ಅಂತ ನಗ್ತಿದ್ದ. ಆಮೇಲಾಮೇಲೆ ನಗೋದೂ ಬಿಟ್ಟ. ಗಾಳಿಗೆ ಗುದ್ದಿ ಮೈ ನೋಯಿಸ್ಕೊಂಡಿದ್ದು ಸಾಕು ಅಂತ ಗಿಟಾರ್ ಅಟ್ಟಕ್ಕೆ ಹಾಕಿ, ಬೀಗದ ಅಂಗಡೀಲಿ ಕೀಲಿ ಮಾಡೋಕೆ ಸೇರ್ಕೊಂಡ."

ಅಷ್ಟರಲ್ಲಿ ಕುರ್ಚಿಯ ಮೇಲಿದ್ದ ಗಿರಾಕಿ, "ಉಶ್ಶಣ್ಣ, ಸೋಪು ಒಣಗಿ ಮುಖ ಬಿಗೀತಿದೆ ಮಾರಾಯ" ಎಂದ.

ಅಕ್ಕ ತಲೆಯೆತ್ತಿದಳು. "ಯಾಕೆ ಹಾಗೆ ಕರೀತಾರೆ ನಿಮ್ಮನ್ನ?"

ಗಿರಾಕಿ ಉತ್ತರಕ್ಕೆಂದು ಬಾಯಿ ತೆರೆದ. ಉಶ್ಶಣ್ಣ ಆ ಬಾಯಿಯ ಮೇಲೇ ಬ್ರಷ್ಷು ಆಡಿಸಿದ. "ಸುಮ್ನೆ. ಅಡ್ಡಹೆಸರು ಅಕ್ಕ" ಎಂದ. ಅವಳು ಹೋದ ಮೇಲೆ ಕತ್ತಿಯನ್ನು ಮಡಚಿಟ್ಟು, ಗಿರಾಕಿಯನ್ನು ಕ್ಷೌರ ಮಾಡದೆಯೇ ಮುಖ ತೊಳೆಸಿ ಕಳಿಸಿದ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ಉಶ್ಶಣ್ಣನ ಒಲೆ ಅಂದು ದಿನವಿಡೀ ಉರಿಯಿತು. ಇಷ್ಟು ವರ್ಷ ಬಾಯಿತುಂಬ ಹೇಳಿಕೊಂಡು ಮೆರೆದ ಕಥೆ ಆ ಮನೆಯಲ್ಲಿ ಹೀಗೆ ಕೇಳಿಸಿತ್ತೇ? ಬೆನ್ನು ತಿರುಗಿಸಿ ನಿಂತವನಿಗೆ ಇವರ ಕಣ್ಣೀರು ಕಾಣುತ್ತಿರಲಿಲ್ಲ, ಮೈ ಜುಮ್ಮೆಂದದ್ದು ಗೊತ್ತಾಗುತ್ತಿರಲಿಲ್ಲ. ಅವನ ಹತ್ತಿರಕ್ಕೆ ಹೋಗಬಹುದಾಗಿದ್ದುದು ಒಂದು ಸದ್ದು ಮಾತ್ರ. ಅದನ್ನು ಬಾಗಿಲಲ್ಲೇ ತಡೆದವನು ತಾನು. ಈಗ ನಾಳೆ ಆ ಅಕ್ಕನನ್ನೂ ಮುಂದಿನ ಸಾಲಿನಲ್ಲಿ ಕೂರಿಸಿ, ಅದೇ ಮೌನವನ್ನು ಉಣಿಸಿ ಕಳಿಸುವುದೇ? ಹೇಳಿಬಿಡೋಣವೆಂದರೆ ನಾಲಗೆ ಏಳದು. ಸುಮ್ಮನಿರೋಣವೆಂದರೆ ಎದೆ ಕೇಳದು.

ಭಾನುವಾರ ನೆಲಮಾಳಿಗೆ ಕಿಕ್ಕಿರಿದಿತ್ತು. ಮೆಟ್ಟಿಲ ಮೇಲೆ, ಟಯರುಗಳ ಮೇಲೆ, ಎಲ್ಲೆಲ್ಲೂ ಕರಿ ಅಂಗಿಗಳು. ಅಕ್ಕ ಗರಿಗರಿ ಇಸ್ತ್ರಿ ಮಾಡಿದ ತಮ್ಮನ ಅಂಗಿಯನ್ನು ತಂದಿದ್ದಳು. ಅದನ್ನು ಆಂಪ್ಲಿಫೈಯರಿನ ಮೇಲೆ ಮಡಿಕೆ ಕೆಡದಂತೆ ಇಟ್ಟು ಬಂದು ಕುಳಿತಳು. ಜನರನ್ನು ನೋಡಿ ಅವಳಿಗೆ ದಿಗಿಲಾದಂತಿತ್ತು. ಮತ್ತೆ ಮತ್ತೆ ಹಿಂದಕ್ಕೆ ತಿರುಗಿ ನೋಡುತ್ತಿದ್ದಳು.

ಕ್ಯಾಸೆಟ್ ಶುರುವಾಯಿತು. ಉಶ್ಶಣ್ಣನಿಗೆ ಒಂದೊಂದು ಸ್ವರವೂ ಬಾಯಿಪಾಠ. ಆದರೆ ಅಂದು ಅವನು ಸಂಗೀತ ಕೇಳಲಿಲ್ಲ, ಅದರ ಹಿಂದೆ ಕಾಯುತ್ತಿದ್ದವನನ್ನು ಕೇಳಿದ. ಕೊನೆಯ ಸ್ವರ ಬಂತು. ಎಷ್ಟು ಹೊತ್ತು ಹಿಡಿದಿದ್ದ ಪುಣ್ಯಾತ್ಮ! ಇದನ್ನು ಕಲೆ ಎಂದುಕೊಂಡಿದ್ದೆವಲ್ಲ, ಇನ್ನೊಂದು ಸ್ವಲ್ಪ ಹೊತ್ತು ಬಿಟ್ಟರೆ ಯಾರಾದರೂ ತಟ್ಟಿಯಾರು ಎಂದು ಕಾದಿದ್ದನೋ ಏನೋ. ಗುಂಯ್ ಎನ್ನುವುದು ತೆಳ್ಳಗಾಗಿ, ಇನ್ನೂ ತೆಳ್ಳಗಾಗಿ, ನಿಂತಿತು. ನೆಲಮಾಳಿಗೆ ಹೇಳಿಕೊಟ್ಟಂತೆ ಉಸಿರು ಬಿಗಿಹಿಡಿಯಿತು. ಅಕ್ಕ ತಲೆ ತಗ್ಗಿಸಿ ಚಪ್ಪಲಿ ಹುಡುಕತೊಡಗಿದಳು.

ಉಶ್ಶಣ್ಣ ಎದ್ದು ನಿಂತು ಚಪ್ಪಾಳೆ ತಟ್ಟಿದ.

ಮೊದಲ ಏಟು ಕಪಾಳಕ್ಕೆ ಹೊಡೆದಂತೆ ಕೇಳಿಸಿತು. ಮುಖಗಳೆಲ್ಲ ಸರಕ್ಕನೆ ತಿರುಗಿದವು. ಅವನ ಬೆನ್ನ ಹಿಂದೆಯೇ ಇದ್ದ ಹಸಿರು ಕೂದಲಿನ ಹುಡುಗಿ, ಆ ಹಸಿರನ್ನು ಹಚ್ಚಿದವನು ಅವನೇ, ಗಿಟಾರ್ ನುಡಿಸುವಾಗ ಜನರಿಗೆ ಬೆನ್ನು ಹಾಕಬೇಕೆಂದು ಅವಳಿಗೆ ಹೇಳಿಕೊಟ್ಟವನೂ ಅವನೇ, ಅವನ ಭುಜ ಹಿಡಿದೆಳೆದಳು.

"ಉಶ್! ಸ್ವರ ಇನ್ನೂ ಸತ್ತಿಲ್ಲ ಅಣ್ಣ!"

"ಸತ್ತಿದೆ ಕಣಮ್ಮ" ಎಂದ ಉಶ್ಶಣ್ಣ. "ನುಡಿಸಿದವನೇ ಸತ್ತಿದ್ದಾನೆ. ಚಪ್ಪಾಳೆಗೆ ಕಾದೂ ಕಾದೂ ಸತ್ತಿದ್ದಾನೆ. ನಾವು ಯಾರೂ ತಟ್ಟಲಿಲ್ಲ ಅಂತ ಗಿಟಾರ್ ಬಿಟ್ಟನಂತೆ. ತಟ್ರೋ!" ಆಮೇಲೆ ಅಕ್ಕನ ಕಡೆ ತಿರುಗಿದ. "ಆ ಕ್ಯಾಸೆಟ್ಟಲ್ಲಿ ಉಶ್ ಅಂದವನು ನಾನೇ ಅಕ್ಕ. ನಿನ್ನೆ ಹೇಳೋಕೆ ಬಾಯಿ ಬರಲಿಲ್ಲ."

ಸ್ವಲ್ಪ ಹೊತ್ತು ಅವನೊಬ್ಬನ ಕೈ ಸದ್ದೇ ಇತ್ತು. ಆಮೇಲೆ ಹಸಿರು ಕೂದಲಿನ ಹುಡುಗಿ ಅಳುತ್ತಾ ಅಂಗೈಗೆ ಅಂಗೈ ಬಡಿದಳು. ಮೆಟ್ಟಿಲ ಮೇಲಿನವರು ಸೇರಿಕೊಂಡರು, ಟಯರುಗಳ ಮೇಲಿನವರು ಇಳಿದು ನಿಂತು ಸೇರಿಕೊಂಡರು. ಇಷ್ಟು ವರ್ಷ ಕೂಡಿಟ್ಟದ್ದೆಲ್ಲ ಒಮ್ಮೆಗೇ ಹೊರಬಿತ್ತು. ಗೋಡೆ ಅದುರಿತು. ಮೇಲಿನ ಅಂಗಡಿಯವನು ಏನಾಯಿತೋ ಎಂದು ಇಣುಕಿ ನೋಡಿದ. ಯಾರಿಗೂ ನಿಲ್ಲಿಸಲು ಮನಸ್ಸಿರಲಿಲ್ಲ.

ಅಕ್ಕ ಎದ್ದು ನಿಂತು ಎಲ್ಲರ ಕೈಗಳನ್ನೂ ನೋಡಿದಳು. ಆಂಪ್ಲಿಫೈಯರಿನ ಮೇಲಿನ ಅಂಗಿಯನ್ನು ನೋಡಿದಳು. ಆಮೇಲೆ ಉಶ್ಶಣ್ಣನ ಹತ್ತಿರ ಬಂದಳು. ಬೈದರೆ ಬೈಸಿಕೊಳ್ಳಲು, ಹೊಡೆದರೆ ಹೊಡೆಸಿಕೊಳ್ಳಲು ಅವನು ತಯಾರಾಗಿದ್ದ. ಅವಳ ದನಿಯಲ್ಲಿ ಸಿಟ್ಟಿನ ಸುಳಿವೇ ಇರಲಿಲ್ಲ. ಬರಿಯ ಆಶ್ಚರ್ಯವಿತ್ತು.

"ಹಾಗಾದ್ರೆ ನಿಮಗೆಲ್ಲ ತಟ್ಟೋಕೆ ಬರ್ತಿತ್ತು" ಎಂದಳು.

ಉಶ್ಶಣ್ಣ ತಟ್ಟುತ್ತಲೇ ಇದ್ದ. ಅಂಗೈ ಉರಿಯುತ್ತಿದ್ದರೂ ಕೈ ನಿಲ್ಲಿಸುವ ಧೈರ್ಯವಾಗಲಿಲ್ಲ.