ಅತ್ತೆಯ ಮುಂದೆ ಕೇಳಿದ ಪ್ರಶ್ನೆ

"ಕೌಶಲ್ ಹೊಟ್ಟೆಯಲ್ಲಿದ್ದಾಗ ಸಿಗರೇಟು ಸೇದುತ್ತಿದ್ದಿರಾ?"

ಡಾಕ್ಟರು ಹಿಂದಿಯಲ್ಲಿ, ತಲೆಯೆತ್ತದೆ ಕೇಳಿದರು. ಅಶ್ಮಿತಾ ಮಗನತ್ತ ನೋಡಿದಳು. ಪಕ್ಕದಲ್ಲಿ ಅತ್ತೆ ರತ್ನಾವತಿ ಕೂತಿದ್ದರು. ಅವರೇ ಉತ್ತರ ಕೊಟ್ಟರು: ತಮ್ಮ ಮನೆಯಲ್ಲಿ ಅಂಥದ್ದೆಲ್ಲ ಇಲ್ಲ.

ಏಳು ವರ್ಷದ ಕೌಶಲ್ ಕುರ್ಚಿಯ ಮೇಲೆ ನಿಂತು ಫ್ಯಾನಿನ ಸ್ವಿಚ್ಚು ಒತ್ತುತ್ತಲೇ ಇದ್ದ. ಅವನಿಗೆ ಎಡಿಎಚ್‌ಡಿ, ಅಂದರೆ ಒಂದೆಡೆ ಗಮನ ನಿಲ್ಲದ, ಕೂತಲ್ಲಿ ಕೂರಲಾಗದ ತೊಂದರೆ ಇದೆ ಎಂದು ಡಾಕ್ಟರು ಆಗಷ್ಟೇ ಹೇಳಿದ್ದರು.

ಅಶ್ಮಿತಾ ತಲೆ ತಗ್ಗಿಸಿದಳು. ತಾನು ಕೆಲಸ ಮಾಡುವ ಮಹಾಪೆಯ ಕಾಲ್ ಸೆಂಟರಿನಲ್ಲಿ ಗಿರಾಕಿಗಳ ಬೈಗುಳ ಕೇಳಿ ಕೇಳಿ ಶುರುವಾದ ಚಟ. ಬಸುರಿಯಾಗಿದ್ದಾಗಲೂ ಬಿಟ್ಟಿರಲಿಲ್ಲ. ಏಲಕ್ಕಿ ಜಗಿದು ಮನೆಗೆ ಬರುತ್ತಿದ್ದಳು. ಗಂಡ ರಂಜನ್‌ಗೂ ಗೊತ್ತಾಗಲಿಲ್ಲ. ಈಗ ಅವಳಿಗೆ ಮತ್ತೆ ಮೂರು ತಿಂಗಳು. ಇವತ್ತು ಬೆಳಿಗ್ಗೆಯೂ ಒಂದು ಸೇದಿದ್ದಳು.

ಹೊರಬಂದು ವರ್ತಕ ನಗರದ ನಾಲ್ಕು ರಸ್ತೆ ಸೇರುವ ನಾಕೆಯಲ್ಲಿ ರಿಕ್ಷಾ ಕಾಯುತ್ತಿದ್ದಾಗ ಆಚೆ ಬದಿಯಲ್ಲಿ ಜೆಸಿಬಿಯೊಂದು ಮಣ್ಣು ಎತ್ತುತ್ತಿತ್ತು.

"ಮಮ್ಮಾ, ವೋ ದೇಖ್!"

ಅದನ್ನು ನೋಡೆಂದು ಕೌಶಲ್ ಕೈ ಕೊಸರಿಕೊಂಡು ಓಡಿಯೇಬಿಟ್ಟ. ಬಸ್ಸೊಂದು ಕಿರುಚಿ ನಿಂತಿತು. ಅದರಾಚೆ ಏನೂ ಕಾಣಿಸಲಿಲ್ಲ. ಅಶ್ಮಿತಾ ರಸ್ತೆಗೆ ಇಳಿದಳು. ಬಸ್ಸನ್ನು ಬಳಸಿ ಓಡಿದರೆ, ಡಿವೈಡರಿನ ಮೇಲೆ ನಿಂತು ಅವನು ಚಪ್ಪಾಳೆ ತಟ್ಟುತ್ತಿದ್ದ.

ಅವನನ್ನು ಅವುಚಿಕೊಂಡು ಅತ್ತೆಯ ಬಳಿಗೆ ಬಂದಳು.

"ಅತ್ತೆ, ವಾಪಸು ಡಾಕ್ಟರ ಹತ್ರ ಹೋಗುವ."

"ಯಾಕೆ, ಪೆಟ್ಟಾಯ್ತಾ?"

"ಇಲ್ಲ. ಇವ ಹೀಗಾದದ್ದು ನನ್ನಿಂದ್ಲೋ ಏನೋ. ಹೊಟ್ಟೆಯಲ್ಲಿದ್ದಾಗ ನಾನು ಸಿಗರೇಟು ಸೇದ್ತಿದ್ದೆ. ಈಗ್ಲೂ ಸೇದ್ತೇನೆ."

ರತ್ನಾವತಿ ಅವಳ ಮುಖವನ್ನೇ ನೋಡಿದರು. ಆಮೇಲೆ ಮೊಮ್ಮಗನ ಇನ್ನೊಂದು ಕೈ ಗಟ್ಟಿಯಾಗಿ ಹಿಡಿದು ಕ್ಲಿನಿಕ್ಕಿನತ್ತ ನಡೆದರು.

ಡಾಕ್ಟರು ಬೈಯಲಿಲ್ಲ. ಇದಕ್ಕೆ ಕಾರಣ ಹಲವು, ವಂಶವೂ ಒಂದು ಎಂದರು. ಬಸುರಿನಲ್ಲಿ ಸೇದಿದವರ ಮಕ್ಕಳಲ್ಲಿ ಇದು ಹೆಚ್ಚಾಗಿ ಕಾಣುತ್ತದೆ; ಆದರೆ ಕೌಶಲ್‌ಗೆ ಅದರಿಂದಲೇ ಬಂತೆಂದು ಯಾರೂ ಹೇಳಲಾರರು. ಬರುವ ಮಗುವಿಗಾಗಿ ಇವತ್ತೇ ಬಿಡಿ, ಬಿಡಲು ನೆರವು ಸಿಗುತ್ತದೆ ಎಂದರು.

ಯಾರೂ ಹೇಳಲಾರರು ಎಂಬ ಮಾತೇ ಅಶ್ಮಿತಾಳನ್ನು ಹೆಚ್ಚು ಹೆದರಿಸಿತು.

ರಿಕ್ಷಾದಲ್ಲಿ ರತ್ನಾವತಿ ಕೇಳಿದರು, "ಬಿಡ್ತೀಯಾ?"

"ಆಗ್ತದಾ ಗೊತ್ತಿಲ್ಲ ಅತ್ತೆ. ಹೆದರಿಕೆ ಆಗ್ತದೆ."

"ರಂಜನ್‌ಗೆ ನೀನೇ ಹೇಳ್ಬೇಕು."

ಅಂದೇ ಹೇಳಿದಳು. ರಂಜನ್ ಊಟ ಬಿಟ್ಟು ಎದ್ದುಹೋದ.

ಮರುದಿನ ಕಾಲ್ ಸೆಂಟರಿನ ಬ್ರೇಕಿನಲ್ಲಿ ಗೆಳತಿಯರು ಸಿಗರೇಟಿಗೆಂದು ಕೆಳಗೆ ಹೊರಟಾಗ ಅವಳೂ ಅರ್ಧ ಎದ್ದಳು. ಮೇಜಿನಂಚು ಹಿಡಿದು ಕೂತು ಅತ್ತೆಗೆ ಫೋನ್ ಮಾಡಿದಳು. ಬ್ರೇಕ್ ಶುರುವಾಯಿತು ಎಂದಷ್ಟೇ ಹೇಳಿದಳು. ರತ್ನಾವತಿ ಏನೂ ಕೇಳಲಿಲ್ಲ. ಮಾರ್ಕೆಟ್ಟಿನಲ್ಲಿ ಬಸಳೆ ಸಿಕ್ಕಿದ್ದು, ನೀರಿನ ಟ್ಯಾಂಕರ್ ಬಾರದ್ದು, ಕೌಶಲ್ ಅರ್ಧ ಪಾಠಕ್ಕೇ ಎದ್ದು ಓಡಿದ್ದು, ಎಲ್ಲ ಹೇಳುತ್ತಲೇ ಹೋದರು. ಗೆಳತಿಯರು ವಾಪಸು ಬರುವವರೆಗೂ ಹೇಳಿದರು.

"ಸಂಜೆ ಇನ್ನೊಂದು ಬ್ರೇಕ್ ಉಂಟು ಅತ್ತೆ."

"ಆಗ್ಲೂ ಮಾಡು," ಎಂದರು ರತ್ನಾವತಿ.