ಆಶಾರಾಣಿ ಹೆಸರಿನ ಆಪರೇಷನ್

ಮೈಸೂರಿಂದ ವಾಪಸು ಬಂದ ಆಶಾರಾಣಿ ತನ್ನ ಮನೆಗೆ ಹೋಗಲಿಲ್ಲ. ಬೆಟ್ಟದಪುರದಲ್ಲಿ ಬಸ್ಸಿಳಿದವಳೇ ನೇರ ವಾರಗಿತ್ತಿ ನೀಲಾಂಬಿಕೆಯ ಜಗಲಿಗೆ ಬಂದು ಕಂಬಕ್ಕೊರಗಿ ಕೂತುಬಿಟ್ಟಳು. ಮುಖದಲ್ಲಿ ಒಂದು ತೊಟ್ಟು ರಕ್ತವಿರಲಿಲ್ಲ. ಹಿಂದೆಯೇ ಬಂದ ಅವಳ ಗಂಡ ಗೌರೀಶ ಆಸ್ಪತ್ರೆಯ ಕವರನ್ನು ಜಗಲಿ ಮೇಲಿಟ್ಟು, ಯಾರ ಮುಖವನ್ನೂ ನೋಡದೆ ಕಾಲು ತೊಳೆಯಲು ಹಿತ್ತಲಿಗೆ ಹೋದ.

ನೀಲಾಂಬಿಕೆ ರಾಗಿ ಕೇರುತ್ತಿದ್ದ ಮೊರವನ್ನು ಕೆಳಗಿಟ್ಟಳು. “ಏನಂದ್ರು ಆಶಾ?”

“ಕಾರ್ಡಲ್ಲಿ ಆಗಾಕಿಲ್ವಂತೆ ಅಕ್ಕ. ನಂಗೆ ಆಗ್ಲೇ ಆಪರೇಸನ್ ಆಗೋಗದಂತೆ. ನಾಕು ವರ್ಸದ ಇಂದೇನೇ ಗರ್ಭಕೋಸ ತೆಗ್ದವ್ರಂತೆ, ಕಂಪ್ಯೂಟ್ರು ಹೇಳ್ತದೆ.” ಆಶಾರಾಣಿ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. “ಕೌಂಟ್ರಲ್ಲಿದ್ದ ಉಡ್ಗಿ ನಗಾಡ್ಕಂಡು ಕೇಳುದ್ಲು, ಏನಮ್ಮಾ ನಿಂಗೆ ಎಲ್ಡಿದ್ವಾ ಅಂತ.”

ನೀಲಾಂಬಿಕೆಗೆ ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. ಕಂಪ್ಯೂಟರು ಹೇಳಿದ ಗರ್ಭಕೋಶ ಅವಳದು.

ಇದರ ಬೇರು ಹುಡುಕಿಕೊಂಡು ಹೋದರೆ ಬರೀ ಅರವತ್ತು ರೂಪಾಯಿ ಸಿಗುತ್ತದೆ. ಹಾಲಿನ ಸೊಸೈಟಿಯವರು ಪುಕ್ಕಟೆ ಆಪರೇಷನ್ನಿನ ಕಾರ್ಡು ಶುರು ಮಾಡಿದ ಮೊದಲ ವರ್ಷ, ವರ್ಷಕ್ಕೆ ತಲೆಗೆ ಅರವತ್ತು ರೂಪಾಯಿ ಕಟ್ಟಬೇಕಿತ್ತು. ಸೆಕ್ರೆಟರಿ ನಿಂಗರಾಜು ಡೇರಿಯ ಬಾಗಿಲಲ್ಲಿ ಮೇಜು ಹಾಕಿಕೊಂಡು ಹೆಸರು ಬರೆದುಕೊಳ್ಳುತ್ತಿದ್ದ. ನೀಲಾಂಬಿಕೆ ಹೇಳಿದಳು: ಗಂಡ ಪುಟ್ಟಮಲ್ಲಪ್ಪ, ಎರಡು ಮಕ್ಕಳು, ಅತ್ತೆ. ಅವಳ ಹೆಸರು ಕೇಳಿದ್ದಕ್ಕೆ, “ನಂಗೇನಾಗದೆ, ಗುಂಡ್ಕಲ್ಲಿದ್ದಂಗಿವ್ನಿ, ನಂದು ಬ್ಯಾಡ ಬುಡಪ್ಪ” ಅಂದಿದ್ದಳು. ಅರವತ್ತು ರೂಪಾಯಿ ಉಳಿದರೆ ಹಸುವಿಗೆ ನಾಲ್ಕು ದಿನದ ಹಿಂಡಿಯಾಯಿತು. ನೋಡಿ, ಆ ಹಸುವಿಗೂ ಇನ್ಶೂರೆನ್ಸ್ ಮಾಡಿಸಿ ಕಿವಿಗೆ ಬಿಲ್ಲೆ ಹೊಡೆಸಿದ್ದವಳು ಇವಳೇ. ಬೆಳಿಗ್ಗೆ ಐದಕ್ಕೆ ಎದ್ದು ಹಾಲು ಕರೆಯುವವಳು, ಡೇರಿಗೆ ಹೊತ್ತೊಯ್ಯುವವಳು, ಕಾರ್ಡಿನ ದುಡ್ಡು ಹುಟ್ಟಿಸಿದವಳು, ಎಲ್ಲ ಇವಳೇ. ಮನೆಯಲ್ಲಿ ಕಾರ್ಡಿಲ್ಲದ ಜೀವವೂ ಇವಳೊಬ್ಬಳೇ.

ಮಾರನೇ ವರ್ಷವೇ ನೀಲಾಂಬಿಕೆಗೆ ರಕ್ತ ಹೋಗಲು ಶುರುವಾಗಿ ನಿಲ್ಲಲೇ ಇಲ್ಲ. ಆಗ ಆಶಾರಾಣಿ ತಾನಾಗಿ ಬಂದು, “ನನ್ನ ಕಾರ್ಡು ತಗಂಡೋಗಕ್ಕ, ಸುಮ್ನೆ ಪೆಟ್ಗೇಲಿ ಬಿದ್ದದೆ” ಅಂದಳು. ಹಿಸ್ಸೆಯಾಗಿ ಒಲೆ ಬೇರೆಯಾದ ಮೇಲೂ ಜರಡಿ, ಒನಕೆ, ದೊಡ್ಡ ಪಾತ್ರೆ ಆ ಮನೆಯಿಂದ ಈ ಮನೆಗೆ ಓಡಾಡುತ್ತಲೇ ಇದ್ದವು. ಕಾರ್ಡೂ ಹಾಗೇ ಬಂತು. ಅದರ ಮೇಲಿದ್ದದ್ದು ಬೆರಳುಗುರಿನಷ್ಟು ಫೋಟೋ. ಹಣೆ ತುಂಬ ವಿಭೂತಿ, ತಲೆ ಮೇಲೆ ಸೆರಗು. ಅದು ನೀಲಾಂಬಿಕೆಯೋ ಆಶಾರಾಣಿಯೋ ಎಂದು ಹೆತ್ತವ್ವನಿಗೂ ತಿಳಿಯುವಂತಿರಲಿಲ್ಲ.

ಆಸ್ಪತ್ರೆಯಲ್ಲಿ ಸಿಸ್ಟರು ಗಂಡನ ಹೆಸರು ಕೇಳಿದಾಗ ನೀಲಾಂಬಿಕೆ ಸೆರಗಿನ ತುದಿ ಸುತ್ತತೊಡಗಿದಳು. ಸ್ವಂತ ಗಂಡನ ಹೆಸರನ್ನೇ ಬಾಯಿಬಿಟ್ಟು ಹೇಳಿದವಳಲ್ಲ. ಈಗ ಮೈದುನನ ಹೆಸರನ್ನು ಗಂಡನ ಹೆಸರೆಂದು ಹೇಳಬೇಕು. ಹಳ್ಳಿಯವಳು ನಾಚಿಕೊಂಡಳೆಂದು ಸಿಸ್ಟರು ನಕ್ಕರು. ಕೊನೆಗೆ ನೀಲಾಂಬಿಕೆ ನೆಲ ನೋಡಿಕೊಂಡು, “ಗೌರೀಶ” ಅಂದಳು. ಗೌರೀಶ ಗಂಡನೆಂದು ಸಹಿ ಹಾಕಿದ. ಪುಟ್ಟಮಲ್ಲಪ್ಪ ಐದು ದಿನ ಭಾವನಾಗಿ ವರಾಂಡದ ಬೆಂಚಿನ ಮೇಲೆ ಕೂತಿದ್ದ. ಮನೆಗೆ ಬಂದ ಮೇಲೆ ಎರಡು ತಿಂಗಳು ಆಶಾರಾಣಿಯೇ ಹಸು ಕರೆದಳು, ಗಂಜಿ ಕಾಯಿಸಿದಳು, ಬೆನ್ನಿಗೆ ಬಿಸಿನೀರು ಹುಯ್ದಳು. ಮಾಡಿದ್ದನ್ನು ಒಂದು ದಿನವೂ ಎತ್ತಿ ಆಡಲಿಲ್ಲ, ಪುಣ್ಯಾತ್ಗಿತ್ತಿ.

ಆಶಾರಾಣಿಗೂ ಒಂದು ಗರ್ಭಕೋಶವಿದೆ, ಅದೂ ಒಂದು ದಿನ ಕೆಡಬಹುದು ಎಂಬುದು ಮಾತ್ರ ಆಗ ಯಾರಿಗೂ ಹೊಳೆಯಲಿಲ್ಲ.

ಈಗ ಕೆಟ್ಟಿತ್ತು. ತಿಂಗಳಲ್ಲಿ ಇಪ್ಪತ್ತು ದಿನ ರಕ್ತ ಹೋಗುತ್ತಿತ್ತು. ಸರ್ಕಾರದ ದೊಡ್ಡಾಸ್ಪತ್ರೆಗೆ ಹೋದರೆ ಮೂರು ತಿಂಗಳ ಮೇಲಿನ ತಾರೀಕು ಕೊಟ್ಟಿದ್ದರು. ಅಷ್ಟು ದಿನ ಬಿಟ್ಟರೆ ಈಕೆ ಉಳಿಯುವುದು ಕಷ್ಟ ಎಂದು ಪ್ರೈವೇಟ್ ಡಾಕ್ಟರು ಹೇಳಿದ್ದರು. ಕಾರ್ಡಿಲ್ಲದೆ ಅಲ್ಲಿ ಇಪ್ಪತ್ತೈದು ಸಾವಿರ. ಇದ್ದದ್ದು ಇದ್ದಂತೆ ಹೇಳಿಬಿಡೋಣವೆಂದರೆ ಎರಡು ಮನೆಯ ಕಾರ್ಡೂ ರದ್ದು, ಮೇಲೆ ಕೇಸು ಬೇರೆ.

ತಟ್ಟನೆ ನೀಲಾಂಬಿಕೆಗೊಂದು ದಾರಿ ಕಂಡಿತು. ಆಪರೇಷನ್ ಆದ ಮೇಲೆ ಬುದ್ಧಿ ಬಂದು ಪ್ರತಿ ವರ್ಷ ತನ್ನ ಹೆಸರನ್ನೂ ಬರೆಸುತ್ತ ಬಂದಿದ್ದಳು. ಕಂಪ್ಯೂಟರಿನ ಲೆಕ್ಕದಲ್ಲಿ ಅವಳ ಹೊಟ್ಟೆ ಇನ್ನೂ ಯಾರೂ ಮುಟ್ಟದ ಹೊಟ್ಟೆ. “ನೀನು ನಾನಾಗಿ ಓಗು ಆಶಾ! ಅಲ್ಲಿಗೆ ಸರಿಯಾಯ್ತಲ್ಲ!” ಎನ್ನುತ್ತ ಎದ್ದು, ಒಳಗೆ ಹೋಗಿ ಟ್ರಂಕಿನಿಂದ ಈ ವರ್ಷದ ಕಾರ್ಡು ತೆಗೆದಳು. ಪುಟ್ಟಮಲ್ಲಪ್ಪ. ಮಗ. ಮಗಳು. ಅತ್ತೆ. ತಿರುಗಿಸಿ ನೋಡಿದಳು. ಹಿಂದುಗಡೆ ಏನೂ ಇರಲಿಲ್ಲ.

“ಏನ್ರೀ, ನನ್ನೆಸ್ರೆಲ್ಲಿ ಇದ್ರಲ್ಲಿ?”

ಪುಟ್ಟಮಲ್ಲಪ್ಪ ಕೊಟ್ಟಿಗೆಯಿಂದ ಬಂದು ಬಾಗಿಲಲ್ಲಿ ನಿಂತ. “ಈ ಸತಿ ನಾನೇ ಓಗಿದ್ನಲ್ಲ, ಬುಡಿಸ್ದೆ. ತಲೆಗೆ ನೂರಿಪ್ಪತ್ತು ಮಾಡವ್ರೆ ಕಣೆ. ನಿಂದೆಂಗೂ ಆಪರೇಸನ್ ಆಗೋಗದೆ, ಇನ್ನೇನು ತೆಗಿಯಾಕದೆ ಅಂತ.”

ಬಯ್ಯಬೇಕೆಂದು ಬಾಯಿ ತೆರೆದಳು. ಇದೇ ಲೆಕ್ಕವನ್ನು ಮೊದಲು ಹಾಕಿದವಳು ತಾನೇ ಅಲ್ಲವೇ? ಅವನು ಅವಳನ್ನು ನೋಡಿ ಕಲಿತದ್ದು. ಸುಸ್ತಾಗಿ ಟ್ರಂಕಿನ ಮೇಲೆ ಕೂತಳು. ಈ ಮನೆಯಲ್ಲಿ ಉಳಿತಾಯ ಅಂದ ಕೂಡಲೆ ಎಲ್ಲರ ಕಣ್ಣೂ, ತನ್ನ ಕಣ್ಣೂ, ತನ್ನ ಮೇಲೇ ಬೀಳುತ್ತದಲ್ಲ.

“ಬ್ಯಾರನ್ನಿನ ದುಡ್ಡು ತೆಗೀರಿ” ಅಂದಳು.

ಹೊಗೆಸೊಪ್ಪನ್ನು ಬೆಂಕಿಯ ಕಾವಲ್ಲಿ ಬೇಯಿಸಿ ಒಣಗಿಸುವ ಮನೆ ಬ್ಯಾರನ್ನು; ಅದರ ಒಂದು ಗೋಡೆ ಬಾಯಿ ಬಿಟ್ಟು ವರ್ಷವಾಗಿತ್ತು. ಅದಕ್ಕೆಂದೇ ಹೋದ ಸಲದ ಸೊಪ್ಪಿನ ದುಡ್ಡಿನಲ್ಲಿ ಮೂವತ್ತು ಸಾವಿರ ಬ್ಯಾಂಕಿನಲ್ಲಿಟ್ಟಿದ್ದರು. ಇನ್ನೊಂದು ತಿಂಗಳಿಗೆ ಸೊಪ್ಪು ಮುರಿಯಬೇಕು.

“ತಲೆ ಕೆಟ್ಟದಾ ನಿಂಗೆ? ಸೊಪ್ಪ ಎಲ್ಲಿ ಬೇಯಿಸ್ಲಿ, ನಿನ್ನ ಒಲೆ ಮ್ಯಾಲಾ? ಕಾರ್ಡ ನಾವು ಕೇಳಿದ್ವಾ? ಅವ್ಳೇ ತಂದ್ಕೊಟ್ಲು.”

ಆ ಮನೆಯ ಗೋಡೆಗಳಿಗೆ ಗುಟ್ಟು ಕಾಯಲು ಗೊತ್ತಿಲ್ಲ. ಜಗಲಿಯಿಂದ ಆಶಾರಾಣಿಯ ದನಿ ಬಂತು: “ಬುಡಕ್ಕ. ಮೂರು ತಿಂಗ್ಳು ತಾನೆ, ತಡ್ಕತೀನಿ. ನನ್ನಿಂದ ನಿಮ್ಮಿಬ್ಬರ್ಗೆ ಜಗಳ ಬ್ಯಾಡ.” ಕಂಬ ಹಿಡಿದು ಎದ್ದು, ಗಂಡನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ತನ್ನ ಮನೆಯ ಕಡೆ ನಡೆದಳು.

ನೀಲಾಂಬಿಕೆ ಹೊರಗೆ ಬಂದಳು. ಆಶಾರಾಣಿ ಕೂತಿದ್ದ ಜಾಗದಲ್ಲಿ, ಸಾರಿಸಿದ ಜಗಲಿಯ ಮೇಲೆ ಅಂಗೈಯಗಲ ಒದ್ದೆ ಕಲೆಯಿತ್ತು. ಕೆಂಪಗಿತ್ತು. ಒಂದು ಚೊಂಬು ನೀರು ತಂದು, ಬಟ್ಟೆಯಿಂದ ಒರೆಸತೊಡಗಿದಳು. ಅಯ್ಯೋ ಶಿವನೇ, ನಾಲ್ಕು ವರ್ಷದ ಹಿಂದೆ ತಾನು ಕೂತೆದ್ದ ಕಡೆಯೆಲ್ಲ ಆಶಾರಾಣಿ ಹೀಗೇ ಒರೆಸಿದ್ದಳು, ಗಂಡಸರ ಕಣ್ಣಿಗೆ ಬೀಳುವ ಮೊದಲು. ಈ ಸಲ ನೀಲಾಂಬಿಕೆ ಅರ್ಧಕ್ಕೇ ನಿಲ್ಲಿಸಿದಳು.

“ಇಲ್ಬನ್ನಿ” ಎಂದು ಗಂಡನನ್ನು ಕರೆದಳು. “ನೋಡಿ.”

ಅವನು ನೋಡಿದ. ಮುಖ ಅತ್ತ ತಿರುಗಿಸಿದ.

“ಐದು ದಿನ ನಿಮ್ಮ ತಮ್ಮನ ಎಂಡ್ತಿ ಅಂತ ಅನ್ನಿಸ್ಕಂಡು ಮಲ್ಗಿದ್ದೆ. ನೀವು ಭಾವ ಅಂತ ಕೂತಿದ್ರಿ. ಆ ನಾಚ್ಕೆ ನುಂಗ್ಕಂಡಿದ್ದು ನಾನು ಬದುಕ್ಲಿ ಅಂತ. ನಂಗೆ ಆಗಿದ್ದು ಅವ್ಳ ಆಪರೇಸನ್ ಕಣ್ರೀ. ಈಗ ಅವ್ಳಿಗೆ ನಂದು ಆಗ್ಲಿ. ಪಾಸ್‌ಬುಕ್ ಕೊಡಿ.”

ಪುಟ್ಟಮಲ್ಲಪ್ಪ ಬ್ಯಾರನ್ನಿನ ಕಡೆ ನೋಡಿದ. ಆಮೇಲೆ ಒಳಗೆ ಹೋಗಿ, ಅಂಗಿ ಹಾಕಿಕೊಂಡು, ಪಾಸ್‌ಬುಕ್ಕನ್ನು ಜೇಬಿಗೆ ತುರುಕಿ ಬ್ಯಾಂಕಿನ ಕಡೆ ಹೊರಟ.

ಎರಡೇ ದಿನಕ್ಕೆ, ಕಾರ್ಡು ತೋರಿಸದೆ ದುಡ್ಡು ಕಟ್ಟಿ, ಆಶಾರಾಣಿಯನ್ನು ಪ್ರೈವೇಟ್ ಆಸ್ಪತ್ರೆಗೆ ಸೇರಿಸಿದರು. ಸಿಸ್ಟರು ಕಾಗದ ತುಂಬುತ್ತ ಹೆಸರು ಕೇಳಿದರು, ತನ್ನದನ್ನೇ ಹೇಳಿದಳು. ಗಂಡನ ಹೆಸರು ಕೇಳಿದರು. ಆಶಾರಾಣಿ ಸೆರಗು ಬಾಯಿಗಿಟ್ಟುಕೊಂಡು ತಲೆ ತಗ್ಗಿಸಿದಳು. ಸಿಸ್ಟರು ಇನ್ನೊಮ್ಮೆ ಕೇಳಿದರು.

“ಗೌರೀಶ” ಅಂದಳು ಪಕ್ಕದಲ್ಲಿದ್ದ ನೀಲಾಂಬಿಕೆ, ಕಂಠಪಾಠ ಒಪ್ಪಿಸಿದಂತೆ.

ಆಶಾರಾಣಿ ತಿರುಗಿ ನೋಡಿದಳು. ಅಷ್ಟು ದಿನದಲ್ಲಿ ಮೊದಲ ಸಲ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕಳು.

ಅವಳು ಉಳಿದಳು. ಬ್ಯಾರನ್ನು ಉಳಿಯಲಿಲ್ಲ, ಶ್ರಾವಣದ ಮಳೆಗೆ ಬಾಯಿ ಬಿಟ್ಟ ಗೋಡೆ ಕುಸಿಯಿತು. ಬೇರೆಯವರ ಬ್ಯಾರನ್ನಿನಲ್ಲಿ, ಅವರ ಸೊಪ್ಪು ಮುಗಿಯುವ ತನಕ ಕಾದು ಬೇಯಿಸಿದ್ದಕ್ಕೆ ಬಣ್ಣ ಕೆಟ್ಟು ರೇಟು ಸಿಗಲಿಲ್ಲ. ಪುಟ್ಟಮಲ್ಲಪ್ಪ ವರ್ಷವಿಡೀ ಗೊಣಗಿದ. ನೀಲಾಂಬಿಕೆ ಕೇಳಿಸಿಕೊಂಡಳು. ತಿರುಗಿ ಜಗಳ ಆಡುವಷ್ಟು ತ್ರಾಣ ಅವಳಲ್ಲಿ ಉಳಿದಿರಲಿಲ್ಲ.

ಮತ್ತೆ ಕಾರ್ಡು ಬರೆಸುವ ದಿನ ಬಂದಾಗ ಮಾತ್ರ, ಹಾಲಿನ ಕ್ಯಾನು ಹಿಡಿದು ತಾನೇ ಹೋದಳು. ನಿಂಗರಾಜು ಪೆನ್ನಿನ ಮುಚ್ಚಳ ತೆಗೆದ. “ಯಜಮಾನ್ರ ಎಸ್ರಿಂದ ಸುರು ಮಾಡ್ಲಾಕ್ಕ?”

“ಮೊದ್ಲು ನಂದು ಬರ್ಕ.”

ನಿಂಗರಾಜುಗೆ ಎಲ್ಲ ಗೊತ್ತು, ಊರಿಗೇ ಗೊತ್ತು. ಮೆಲ್ಲಗೆ ಅಂದ, “ನಿಮ್ಗೆ ಆಗೋಗದಲ್ಲಕ್ಕ, ಸುಮ್ನೆ ಯಾಕೆ ದುಡ್ಡು ದಂಡ?”

ನೀಲಾಂಬಿಕೆ ಕ್ಯಾನನ್ನು ಮೇಜಿನ ಮೇಲೇ ಇಟ್ಟಳು.

“ಇನ್ನೂ ಕಣ್ಣವೆ, ಎದೆ ಅದೆ, ಕೈಕಾಲವೆ” ಅಂದಳು. “ನಾನಿನ್ನೂ ಇವ್ನಿ ಕಣಪ್ಪ. ಬರ್ಕ.”